ಎರಡು ಆಸನ, ಒಂದು ಚೀಲ, ಸಾವಿರ ಮೈಲಿ

ಸ್ಪೋರ್ಟ್ಸ್ ಕಾರನ್ನು ಕೊಂಡವನಿಗೆ ಮೊದಲನೆಯ ದಿನ ತಿಳಿಯುವುದು ಅದರ ವೇಗ. ಎರಡನೆಯ ದಿನ ತಿಳಿಯುವುದು, ಅದರಲ್ಲಿ ಒಂದು ಕೊಡೆಯನ್ನು ನೆಟ್ಟಗೆ ಮಲಗಿಸುವುದಕ್ಕೂ ಎಡೆಯಿಲ್ಲವೆಂಬ ಸಂಗತಿ. ಮೂರನೆಯ ದಿನ ಮನೆಯಾಕೆ ತನ್ನ ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲಿಗೆ ಬಂದಳೆಂದರೆ, ಎಂಜಿನಿನ ಕುದುರೆಶಕ್ತಿಯ ಮಾತು ಹಿಂದೆ ಸರಿದು ಸಾಮಾನಿನ ಮಾತು ಮುಂದೆ ಬರುತ್ತದೆ.

ಜಪಾನಿನ ಮಾಜ್ದಾ ಕಂಪೆನಿಯವರು 1989ರಲ್ಲಿ ಲೋಕದ ಮುಂದಿಟ್ಟ ಎಂಎಕ್ಸ್-5 ಎಂಬ ಪುಟ್ಟ ತೆರೆದ ಕಾರನ್ನೇ ನೋಡಬಹುದು. ಎರಡು ಆಸನದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದುದು ಬೇರೊಂದಿಲ್ಲ. 2016ರ ವೇಳೆಗೇ ಅದರ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿದ್ದಿತು. 2015ರಲ್ಲಿ ಬಂದ ಅದರ ನಾಲ್ಕನೆಯ ಮಾದರಿಯ ಡಿಕ್ಕಿಯ ಗಾತ್ರ 130 ಲೀಟರು. ಲೆಕ್ಕಕ್ಕೆ ದೊಡ್ಡದಾಗಿಯೇ ಕೇಳಿಸುತ್ತದೆ. ಆದರೆ ಹಳೆಯ ಚೌಕ ಸೀಮೆಎಣ್ಣೆ ಡಬ್ಬಿ 18 ಲೀಟರಿನದು. ಅಂಥ ಏಳು ಡಬ್ಬಿಗಳನ್ನು ಒತ್ತಿಟ್ಟರೆ ಈ ಡಿಕ್ಕಿಯ ಕಥೆ ಮುಗಿಯಿತು. ಡ್ಯಾಶ್‌ಬೋರ್ಡಿನಲ್ಲಿ ಕೈಗವಸು ಇಡುವ ಖಾನೆ ಕೂಡ ಇಲ್ಲ. ಅದರ ಬದಲು ಎರಡು ಸೀಟುಗಳ ನಡುವೆ, ಬೆನ್ನಿನ ಬದಿಗೆ, ಬೀಗ ಹಾಕುವಂಥ ಒಂದು ಸಣ್ಣ ಗೂಡು. ಲೋಟ ನಿಲ್ಲಿಸುವ ಬಳೆಗಳನ್ನು ಕಳಚಿ ಬೇರೊಂದೆಡೆ ಸಿಕ್ಕಿಸಿಕೊಳ್ಳಬಹುದು. ಬದಲಿ ಚಕ್ರಕ್ಕೆ ಜಾಗವಿಲ್ಲವೆಂದು ಯೂರೋಪಿನಲ್ಲಿ ತೂತು ಮುಚ್ಚುವ ಸಾಮಗ್ರಿಯ ಪೊಟ್ಟಣವೊಂದನ್ನು ಕೊಟ್ಟು ಕೈತೊಳೆದುಕೊಂಡಿದ್ದಾರೆ.

ಈ ಜಿಪುಣತನಕ್ಕೆ ಕಾರಣವುಂಟು. ಕಾರು ತಿರುವಿನಲ್ಲಿ ನೆಲವನ್ನು ಕಚ್ಚಿ ಓಡಬೇಕಾದರೆ ಅದು ಗಿಡ್ಡಾಗಿರಬೇಕು, ಹಗುರವಾಗಿರಬೇಕು, ಭಾರವೆಲ್ಲವೂ ನಾಲ್ಕು ಚಕ್ರಗಳ ನಡುವೆ ಕೂಡಿರಬೇಕು. ಎಂಜಿನಿನಿಂದ ಹಿಂದಿನ ಚಕ್ರಕ್ಕೆ ಶಕ್ತಿಯನ್ನೊಯ್ಯುವ ದಂಡವು ಎರಡು ಸೀಟುಗಳ ನಡುವೆ ಗೋಡೆಯಂತೆ ಎದ್ದಿರುತ್ತದೆ. ಬೆನ್ನ ಹಿಂದೆ ಪೆಟ್ರೋಲಿನ ತೊಟ್ಟಿ, ಅದರ ಮೇಲೆ ಮಡಿಚಿದ ಬಟ್ಟೆಯ ಮೇಲ್ಛಾವಣಿ. ಇಷ್ಟಕ್ಕೆಲ್ಲ ಎಡೆ ಕೊಟ್ಟ ಮೇಲೆ ಉಳಿದ ಸಂದುಗೊಂದುಗಳು ಪ್ರಯಾಣಿಕನ ಪಾಲು. ಆ ಸಂದುಗೊಂದುಗಳಲ್ಲಿ ಏನನ್ನಿಡಬೇಕು, ಎಲ್ಲಿಡಬೇಕು ಎಂಬುದು ಬರಿಯ ಅನುಕೂಲದ ಪ್ರಶ್ನೆಯಾಗಿ ತೋರಬಹುದು. ಒಂದು ಕಾಲದಲ್ಲಿ, ಒಂದು ರಸ್ತೆಯ ಮೇಲೆ, ಅದು ಪ್ರಾಣದ ಪ್ರಶ್ನೆಯಾಗಿದ್ದಿತು.

ಆ ರಸ್ತೆ ಹೊರಡುವುದು ಉತ್ತರ ಇಟಲಿಯ ಬ್ರೆಷಾ ನಗರದಿಂದ. ಅದು ಕಬ್ಬಿಣದ ಕೆಲಸಕ್ಕೂ ಬಂದೂಕಿಗೂ ಹೆಸರಾದ ಊರು. ಇಟಲಿಯ ಮೊದಲ ಗ್ರಾಂಪ್ರಿ ಪಂದ್ಯ 1921ರಲ್ಲಿ ನಡೆದುದು ಈ ನಗರದ ಬಳಿಯಲ್ಲಿಯೇ. ಮರುವರ್ಷ ಆ ಪಂದ್ಯ ಮಿಲಾನಿನ ಹತ್ತಿರದ ಮೋಂಜಾಕ್ಕೆ ಹೊರಟುಹೋಯಿತು. ಬ್ರೆಷಾದ ಜನ ಇದನ್ನು ಮರೆಯಲಿಲ್ಲ. ಆಯ್ಮೊ ಮಾಜ್ಜಿ, ಫ್ರಾಂಕೊ ಮಾಜ್ಜೋಟಿ, ರೆಂಜೊ ಕಾಸ್ಟಾಂಞೆಟೊ, ಜೊವಾನ್ನಿ ಕನೆಸ್ಟ್ರೀನಿ ಎಂಬ ನಾಲ್ವರು ಸೇರಿ, ಬ್ರೆಷಾದಿಂದ ರೋಮಿಗೆ ಹೋಗಿ ಮರಳಿ ಬ್ರೆಷಾಕ್ಕೆ ಬರುವ ಒಂದು ಓಟವನ್ನು 1927ರ ಮಾರ್ಚಿಯಲ್ಲಿ ಏರ್ಪಡಿಸಿದರು. ದೂರ ಹೆಚ್ಚುಕಡಿಮೆ ಸಾವಿರ ಮೈಲಿ. ಆದುದರಿಂದ ಹೆಸರು ಮಿಲ್ಲೆ ಮಿಲ್ಯಾ. ಮೊದಲ ವರ್ಷ ಗೆದ್ದುದು ಬ್ರೆಷಾದಲ್ಲಿಯೇ ತಯಾರಾದ ಓಎಂ ಕಾರು, 21 ಗಂಟೆ 5 ನಿಮಿಷಗಳಿಗೆ ತುಸು ಕಡಿಮೆ ಕಾಲದಲ್ಲಿ.

ಆ ಪಂದ್ಯ ಇಂದಿಲ್ಲ. 1977ರಿಂದೀಚೆಗೆ ಅದೇ ಹೆಸರಿನಲ್ಲಿ ಹಳೆಯ ಕಾರುಗಳ ಮೆರವಣಿಗೆಯಂಥ ಒಂದು ಸವಾರಿ ನಡೆಯುತ್ತದೆ. ವೇಗದ ಬದಲು ಸಮಯಪಾಲನೆಯೇ ಅದರಲ್ಲಿ ಲೆಕ್ಕ. 1927ರಿಂದ 1957ರವರೆಗಿನ ಕಾರುಗಳಿಗೆ ಮಾತ್ರ ಪ್ರವೇಶ. ಆದರೆ ರಸ್ತೆಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಪುಟ್ಟ ಎರಡಾಸನದ ಕಾರಿನಲ್ಲಿ ಇಬ್ಬರು ನಾಲ್ಕೈದು ದಿನ ಬಿಡುವು ಮಾಡಿಕೊಂಡು ಆ ಹಳೆಯ ಹಾದಿಯನ್ನು ಸುತ್ತಿ ಬರುವುದುಂಟು.

ಹಾಗೆ ಹೊರಟವರ ಸಂಕಟ ವಸತಿಗೃಹದ ಅಂಗಳದಲ್ಲಿಯೇ ಕಣ್ಣಿಗೆ ಬೀಳುತ್ತದೆ. ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಗಟ್ಟಿ ಪೆಟ್ಟಿಗೆ 55 ಸೆಂಟಿಮೀಟರು ಉದ್ದ, 40 ಅಗಲ, 20 ದಪ್ಪವೆಂದು ಹಿಡಿದರೆ 44 ಲೀಟರಾಯಿತು. ಗಣಿತದ ಪ್ರಕಾರ ಡಿಕ್ಕಿಯಲ್ಲಿ ಅಂಥ ಮೂರು ಪೆಟ್ಟಿಗೆಗಳಿಗೆ ತುಸುವೇ ಕಡಿಮೆ ಜಾಗ. ವಾಸ್ತವದಲ್ಲಿ ಎರಡನ್ನು ತುರುಕಿದ ಮೇಲೆ ಮೂಲೆಗಳೆಲ್ಲ ಖಾಲಿ ಉಳಿದು, ಮುಚ್ಚಳ ಮಾತ್ರ ಮುಚ್ಚುವುದಿಲ್ಲ. ಅನುಭವಸ್ಥರು ಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು ಬಟ್ಟೆಯ ಮೆತ್ತನೆಯ ಚೀಲಗಳನ್ನು ತರುತ್ತಾರೆ; ದೊಡ್ಡ ಚೀಲ ಒಂದರ ಬದಲು ಸಣ್ಣವು ನಾಲ್ಕು. ಚಕ್ರದ ಉಬ್ಬಿನ ಪಕ್ಕದ ಕುಳಿಯಲ್ಲಿ ಒಂದು, ಡಿಕ್ಕಿಯ ತಳದ ತಗ್ಗಿನಲ್ಲಿ ಒಂದು, ಹೀಗೆ ನೀರು ಹರಿದಂತೆ ಅವು ಕುಳಿತುಕೊಳ್ಳುತ್ತವೆ. ಬೂಟಿನ ಒಳಗೆ ಕಾಲುಚೀಲ, ಕಾಲುಚೀಲದ ಒಳಗೆ ಕನ್ನಡಕದ ಡಬ್ಬಿ. ದಪ್ಪ ಕೋಟನ್ನು ಮಡಿಚಿಡುವ ಬದಲು ಮೈಮೇಲೆ ಹಾಕಿಕೊಳ್ಳುವುದೇ ಲೇಸು. ತೆರೆದ ಕಾರಿನಲ್ಲಿ ಅದು ಬೇಕೂ ಬೇಕು. ಮದುವೆಗೆಂದು ರೈಲಿಗೆ ಹೊರಟು, ಟ್ರಂಕಿನಲ್ಲಿ ಹಿಡಿಯದುದನ್ನೆಲ್ಲ ಹೋಲ್ಡಾಲಿನೊಳಗೆ ಸುತ್ತಿ ಪಟ್ಟಿ ಬಿಗಿದ ಗೃಹಿಣಿಯರಿಗೆ ಈ ವಿದ್ಯೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ.

ಮೇಲ್ಛಾವಣಿ ಮಡಿಚಿಕೊಳ್ಳುವ ಜಾಗ ಖಾಲಿಯಾಗಿ ಕಾಣುತ್ತದೆ. ಆಸೆಪಟ್ಟು ಅಲ್ಲಿ ಒಂದು ಚೀಲವನ್ನಿಟ್ಟರೆ ಬಿಸಿಲು ಬಂದಾಗ ಛಾವಣಿ ಇಳಿಯುವುದಿಲ್ಲ, ಇಳಿಸಿದರೆ ಅದರ ಕಡ್ಡಿಗಳು ಬಾಗುತ್ತವೆ. ಸೀಟಿನ ಬೆನ್ನಿಗೂ ಹಿಂದಿನ ಗೋಡೆಗೂ ನಡುವಿನ ಸಂದಿಯಲ್ಲಿ ತೆಳ್ಳಗಿನ ಚೀಲವೊಂದು ಹಿಡಿಸುವುದಾದರೂ, ಅದಕ್ಕಾಗಿ ಸೀಟನ್ನು ಮುಂದಕ್ಕೆ ಸರಿಸಬೇಕು. ಎತ್ತರದ ಗಂಡನಿಗೆ ಆ ಎರಡು ಅಂಗುಲದ ಬೆಲೆ ಸಂಜೆಯ ಹೊತ್ತಿಗೆ ಮೊಣಕಾಲಿನಲ್ಲಿ ತಿಳಿಯುತ್ತದೆ.

ಬ್ರೆಷಾವನ್ನು ಬಿಟ್ಟರೆ ವೆರೋನಾ, ವಿಚೆಂಜಾ, ಪಾಡುವಾ. ರಸ್ತೆ ನೇರ, ಎರಡು ಕಡೆಗೂ ಬಯಲು. 1955ರ ಮೇ 1ರಂದು ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಇದೇ ರಸ್ತೆಗೆ ಬೆಳ್ಳಿಬಣ್ಣದ ಒಂದು ಮರ್ಸಿಡೀಸ್ ಹೊರಟಿತು. ಹೊರಡುವ ಹೊತ್ತೇ ಕಾರಿನ ಸಂಖ್ಯೆಯೆಂಬುದು ಆ ಪಂದ್ಯದ ಪದ್ಧತಿ. ಅದರ ಮೈಮೇಲೆ 722 ಎಂದು ಕೆಂಪಿನಲ್ಲಿ ಬರೆದಿದ್ದಿತು. ಚಾಲಕ ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್, ವಯಸ್ಸು 25. ಪಕ್ಕದಲ್ಲಿ ಕುಳಿತವನು ಡೆನಿಸ್ ಜೆಂಕಿನ್ಸನ್, ವೃತ್ತಿಯಿಂದ ಮೋಟಾರು ಪತ್ರಿಕೆಯ ವರದಿಗಾರ. ಗಿಡ್ಡ ದೇಹ, ಪೊದೆಯಂಥ ಗಡ್ಡ, ಕನ್ನಡಕ. ಆತ ಬರಿಯ ವರದಿಗಾರನೂ ಅಲ್ಲ. 1949ರಲ್ಲಿ ಎರಿಕ್ ಆಲಿವರನ ಮೋಟಾರ್‌ಸೈಕಲ್ಲಿನ ಪಕ್ಕಗಾಡಿಯಲ್ಲಿ ಕುಳಿತು, ತಿರುವು ತಿರುವಿಗೂ ಮೈಯನ್ನು ನೆಲದ ಕಡೆಗೆ ಚಾಚಿ, ವಿಶ್ವವಿಜೇತನಾದವನು. ಬೇರೊಬ್ಬನ ಕೈಯಲ್ಲಿ ಪ್ರಾಣವನ್ನಿಟ್ಟು ಇಕ್ಕಟ್ಟಿನಲ್ಲಿ ಕೂರುವುದು ಆತನಿಗೆ ರೂಢಿಯಾಗಿದ್ದಿತು.

300 ಎಸ್‌ಎಲ್‌ಆರ್ ಎಂಬ ಆ ಕಾರಿನ ಒಳಗೆ ಇದ್ದ ಜಾಗವನ್ನು ಜಾಗವೆಂದು ಕರೆಯುವುದೇ ಕಷ್ಟ. ಮುಂದೆ ಎಂಟು ಸಿಲಿಂಡರಿನ ಮೂರು ಲೀಟರಿನ ಎಂಜಿನು. ಅದರ ಹಿಂದಿನ ಭಾಗ ಚಾಲಕನ ಎರಡು ಕಾಲುಗಳ ನಡುವೆಯೇ ಬಂದು ನಿಂತಿದ್ದಿತು. ಕ್ಲಚ್ಚಿನ ಪೆಡಲು ಒಂದು ಬದಿಗೆ, ಬ್ರೇಕು ಇನ್ನೊಂದು ಬದಿಗೆ, ಕುದುರೆಯ ಮೇಲೆ ಕುಳಿತಂತೆ ಕಾಲಗಲಿಸಿ ಕೂರಬೇಕು. ಬಾಲದಲ್ಲಿ ಇಂಧನದ ದೊಡ್ಡ ತೊಟ್ಟಿ, ಬದಲಿ ಚಕ್ರ. ಹೊದಿಕೆಯೆಂಬುದೇ ಇಲ್ಲ. ಸಾವಿರ ಮೈಲಿಗೆ ಹೊರಟ ಇಬ್ಬರಿಗೆ ಬಟ್ಟೆ, ಬುತ್ತಿ, ಹಾಸಿಗೆ ಯಾವುದಕ್ಕೂ ಎಡೆಯಿಲ್ಲ. ಜೆಂಕಿನ್ಸನ್ನನು ತೊಡೆಯ ಮೇಲೆ ಇಟ್ಟುಕೊಂಡು ಹೊರಟುದು ಒಂದೇ ಒಂದು ಪೆಟ್ಟಿಗೆ.

ಆ ಪೆಟ್ಟಿಗೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಟಲಿಯ ಚಾಲಕರಿಗೆ ಆ ರಸ್ತೆ ಹುಟ್ಟೂರಿನ ಬೀದಿಯಂತೆ ಪರಿಚಿತ. ಹೊರಗಿನವನಾದ ಮಾಸ್‌ಗೆ ಸಾವಿರ ಮೈಲಿಯ ಸಾವಿರಾರು ತಿರುವುಗಳು ನೆನಪಿನಲ್ಲಿ ನಿಲ್ಲುವಂತಿರಲಿಲ್ಲ. ದಿಬ್ಬವೊಂದರ ಆಚೆಗೆ ರಸ್ತೆ ನೆಟ್ಟಗೆ ಹೋಗುವುದೋ, ಎಡಕ್ಕೆ ಮುರಿಯುವುದೋ ತಿಳಿಯದಿದ್ದರೆ ವೇಗವನ್ನು ತಗ್ಗಿಸಲೇಬೇಕು. ಆದುದರಿಂದ ಪಂದ್ಯಕ್ಕೆ ಮುಂಚಿನ ತಿಂಗಳುಗಳಲ್ಲಿ ಇಬ್ಬರೂ ಆ ಹಾದಿಯನ್ನು ಮತ್ತೆ ಮತ್ತೆ ಸುತ್ತಿದರು. ಅಭ್ಯಾಸದಲ್ಲಿ ಅಪಘಾತಗಳೂ ಆದವು. ಜೆಂಕಿನ್ಸನ್ನನು ಅಪಾಯದ ತಿರುವುಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿ ಬರೆದುಕೊಂಡ: ತುಸು ತುಂಟವಾದುವು, ನಂಬಲಾಗದುವು, ಬಹು ಭಯಂಕರವಾದುವು. ಎಲ್ಲಿ ರೈಲು ಹಳಿ, ಎಲ್ಲಿ ರಸ್ತೆ ಹದಗೆಟ್ಟಿದೆ, ಯಾವ ದಿಬ್ಬವನ್ನು ವೇಗ ತಗ್ಗಿಸದೆಯೇ ಏರಬಹುದು, ಎಲ್ಲವೂ ಟಿಪ್ಪಣಿಯಲ್ಲಿ ಸೇರಿದವು.

ಟಿಪ್ಪಣಿ ಸಿದ್ಧವಾಯಿತು. ಅದನ್ನು ಕಾರಿನಲ್ಲಿ ಎಲ್ಲಿಡುವುದು? ಪುಸ್ತಕದ ಹಾಳೆಯನ್ನು ಗಾಳಿ ಒಂದು ಕ್ಷಣದಲ್ಲಿ ಹರಿದೊಯ್ದೀತು. ಉಪಾಯ ಹೊಳೆದುದು ಅಮೆರಿಕದ ಚಾಲಕ ಜಾನ್ ಫಿಚ್‌ಗೆ. ಜೆಂಕಿನ್ಸನ್ನನು ಮೊದಲು ಜೊತೆಗೂಡಬೇಕೆಂದಿದ್ದುದು ಈ ಫಿಚ್‌ನೊಡನೆಯೇ. ಮಾಸ್ ಕೇಳಿದಾಗ ಫಿಚ್ ಸಂತೋಷದಿಂದಲೇ ತನ್ನ ಸಂಗಾತಿಯನ್ನೂ ಉಪಾಯವನ್ನೂ ಬಿಟ್ಟುಕೊಟ್ಟ. ಆ ಪ್ರಕಾರ ಸುಮಾರು 18 ಅಡಿ ಉದ್ದದ ಕಾಗದದ ಪಟ್ಟಿಯ ಮೇಲೆ ಟಿಪ್ಪಣಿಯನ್ನೆಲ್ಲ ಬರೆದು, ಲೋಹದ ಪುಟ್ಟ ಪೆಟ್ಟಿಗೆಯೊಳಗೆ ಎರಡು ಉರುಳೆಗಳಿಗೆ ಸುತ್ತಲಾಯಿತು. ಮುಂಭಾಗದಲ್ಲಿ ಗಾಜಿನಂಥ ಪ್ಲಾಸ್ಟಿಕ್ಕಿನ ಕಿಟಕಿ. ಗುಂಡಿಯನ್ನು ತಿರುವಿದರೆ ಕಾಗದ ಕೆಳಗಿನ ಉರುಳೆಯಿಂದ ಮೇಲಿನದಕ್ಕೆ ಏರುತ್ತದೆ, ಬೇಕಾದ ಸಾಲು ಮಾತ್ರ ಕಿಟಕಿಯಲ್ಲಿ ಕಾಣುತ್ತದೆ. ಮಳೆ ಬಂದರೂ ನೆನೆಯದಂತೆ ಸಂದುಗಳನ್ನು ಮುಚ್ಚಿದ್ದರು. ಬಯಲಾಟದ ಹಿಂದಿನ ದಿನಗಳಲ್ಲಿ ಜಾತ್ರೆಗಳಲ್ಲಿ ಪರದೆ ಸುರುಳಿ ಬಿಚ್ಚಿ ಕಥೆ ತೋರಿಸುವವರು ಈ ತಂತ್ರವನ್ನು ಕಂಡಿದ್ದರೆ ತಲೆದೂಗುತ್ತಿದ್ದರು. ಇಡೀ ಇಟಲಿಯ ಅರ್ಧಭಾಗ ಹೀಗೆ ಒಬ್ಬ ಮನುಷ್ಯನ ತೊಡೆಯ ಮೇಲೆ ಮುದುಡಿ ಕುಳಿತಿದ್ದಿತು.

ಓದಿದುದನ್ನು ಚಾಲಕನಿಗೆ ತಿಳಿಸುವುದು ಇನ್ನೊಂದು ತೊಡಕು. ಆ ಎಂಜಿನಿನ ಅಬ್ಬರದಲ್ಲಿ ಕೂಗಿದರೆ ಕೇಳುವುದಿಲ್ಲ. ಮಾತಾಡುವ ತಂತಿಯ ಉಪಕರಣವನ್ನು ಅಳವಡಿಸಿ ನೋಡಿದರು. ಯಂತ್ರವೇನೋ ಸರಿಯಾಗಿಯೇ ನುಡಿಯಿತು, ಆದರೆ ಮಾಸ್ ಸಂಪೂರ್ಣ ಏಕಾಗ್ರತೆಯಿಂದ ಓಡಿಸುವಾಗ ಕಿವಿಗೆ ಬಿದ್ದ ಮಾತು ಮನಸ್ಸಿಗೆ ಮುಟ್ಟುತ್ತಿರಲಿಲ್ಲ. ಅದನ್ನು ಕಿತ್ತುಹಾಕಿ ಕೈಸನ್ನೆಗೆ ಬಂದರು. ಸುಮಾರು ಹದಿನೈದು ಸನ್ನೆಗಳ ಒಂದು ಭಾಷೆಯೇ ಹುಟ್ಟಿತು.

ಪಾಡುವಾದಲ್ಲಿ ಕಾರು ತಿರುವಿನಲ್ಲಿ ಜಾರಿ ಹುಲ್ಲಿನ ಕಂತೆಗಳಿಗೆ ಬಡಿಯಿತು. ಹಿಂದಿನಿಂದ ಬಂದ ಕಸ್ಟೆಲ್ಲೋಟಿಯ ಫೆರಾರಿ ದಾಟಿಹೋಯಿತು. ಅದೇನೂ ಬಹಳ ಹೊತ್ತು ಮುಂದಿರಲಿಲ್ಲ. ರವೆನ್ನಾದಲ್ಲಿ ತನಿಖೆಯ ಕಟ್ಟೆ. ಮುದ್ರೆ ಹಾಕಿಸಿಕೊಳ್ಳಬೇಕಾದ ಚೀಟಿ ಸಹ ಜೆಂಕಿನ್ಸನ್ನನ ವಶದಲ್ಲಿಯೇ. ಮುಂದೆ ಆಡ್ರಿಯಾಟಿಕ್ ಸಮುದ್ರದ ಕರಾವಳಿ: ರಿಮಿನಿ, ಪೆಸಾರೊ, ಆಂಕೋನಾ. ಎಡಗಡೆ ನೀಲಿ ಕಡಲು, ಬಲಗಡೆ ಗೋಧಿಯ ಹೊಲಗಳ ಗುಡ್ಡ. ಇಂದು ಈ ದಾರಿಯಲ್ಲಿ ಛಾವಣಿ ತೆರೆದು ಹೋಗುವವರು ಸಾಮಾನ್ಯವಾಗಿ ಕಳೆದುಕೊಳ್ಳುವುದು ಟೋಪಿಯನ್ನು ಮತ್ತು ನಕ್ಷೆಯನ್ನು. ಅಂದು ಈ ಬಯಲಿನಲ್ಲಿ ಕಾರಿನ ವೇಗ ಗಂಟೆಗೆ 170 ಮೈಲಿಗೆ, ಎಂದರೆ 270 ಕಿಲೋಮೀಟರಿಗೆ ಮುಟ್ಟುತ್ತಿದ್ದಿತು. ಆಚೆಯ ಬದಿ ಕಾಣದ ದಿಬ್ಬವೊಂದರ ಮುಂದೆ ಗಡ್ಡದ ಸಂಗಾತಿ ಕೈಯೆತ್ತಿ ಅಭಯ ತೋರಿದರೆ ಮಾಸ್ ಕಾಲನ್ನು ಸಡಿಲಿಸುತ್ತಿರಲಿಲ್ಲ. ಸುರುಳಿಯಲ್ಲಿ ಒಂದು ಸಾಲು ತಪ್ಪಿ ತಿರುಗಿದ್ದರೆ, ಒಂದು ಹಳ್ಳಿಯನ್ನು ಇನ್ನೊಂದು ಹಳ್ಳಿಯೆಂದು ಎಣಿಸಿದ್ದರೆ, ಇಬ್ಬರೂ ಅಲ್ಲಿಯೇ ಮುಗಿಯುತ್ತಿದ್ದರು.

ಇಂಥ ಪ್ರಯಾಣದ ನಡುವೆ ಒಂದು ಕಡೆ ಜೆಂಕಿನ್ಸನ್ನನಿಗೆ ಹೊಟ್ಟೆ ತೊಳಸಿತು. ಪಕ್ಕಕ್ಕೆ ಬಾಗಿ ಕತ್ತು ಹೊರಗೆ ಹಾಕಿದನೋ ಇಲ್ಲವೋ, ಗಾಳಿ ಆತನ ಕನ್ನಡಕವನ್ನು ಕಿತ್ತುಕೊಂಡು ಹೋಯಿತು. ಕನ್ನಡಕವಿಲ್ಲದೆ ಆ ಸುರುಳಿ ಬರಿಯ ಬಿಳಿ ಕಾಗದ. 18 ಅಡಿಯ ಶ್ರಮವೆಲ್ಲ ವ್ಯರ್ಥವಾಗಬೇಕಾದ ಗಳಿಗೆ ಅದು. ಆದರೆ ಆ ಇಕ್ಕಟ್ಟಿನಲ್ಲಿಯೂ ಆತ ಇನ್ನೊಂದು ಜೊತೆ ಕನ್ನಡಕವನ್ನು ತಂದಿದ್ದ. ಬಟ್ಟೆಗೆ ಎಡೆಯಿಲ್ಲದ ಕಾರಿನಲ್ಲಿ ಕನ್ನಡಕಕ್ಕೆ ಎಡೆ ದೊರೆತಿದ್ದಿತು. ಬೇಕಾದುದು ಯಾವುದು, ಬೇಡದುದು ಯಾವುದು ಎಂಬುದನ್ನು ಹೊರಡುವ ಮುನ್ನ ಇಷ್ಟು ನಿಷ್ಠುರವಾಗಿ ತೂಗಿದವರು ಕಡಿಮೆ.

ಪೆಸ್ಕಾರಾದಲ್ಲಿ ಪೆಟ್ರೋಲಿಗೆಂದು ನಿಂತುದು ಅರ್ಧ ನಿಮಿಷಕ್ಕೂ ಕಡಿಮೆ. ಯಾರದೋ ಕೈಯೊಂದು ಮುಂದೆ ಬಂದು ಸುಲಿದ ಬಾಳೆಹಣ್ಣನ್ನೂ ಕಿತ್ತಳೆಯ ತೊಳೆಯನ್ನೂ ಕೊಟ್ಟಿತು. ಸುಲಿದು ಕೊಟ್ಟುದೇ ಜಾಣತನ. ಸಿಪ್ಪೆಗೆ ಆ ಕಾರಿನಲ್ಲಿ ಜಾಗವೆಲ್ಲಿ? ಇಂದಿನ ಪುಟ್ಟ ಕಾರಿನವರೂ ಬುತ್ತಿಯನ್ನು ಕಟ್ಟಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಇಟಲಿಯಲ್ಲಿ ಪ್ರತಿ ಊರಿನಲ್ಲಿಯೂ ಕಾಫಿ, ರೊಟ್ಟಿ ಸಿಗುವಾಗ ಹೊತ್ತೊಯ್ಯುವುದೇಕೆ? ನೀರಿನ ಬಾಟಲಿಯೊಂದನ್ನು ಬಿಡುವಂತಿಲ್ಲ. ಅದರಲ್ಲಿಯೂ ಒಂದು ಎಚ್ಚರಿಕೆಯುಂಟು. ಪೆಸ್ಕಾರಾದಿಂದ ರಸ್ತೆ ಅಬ್ರೂಟ್ಸೊ ಪರ್ವತಗಳನ್ನು ಏರುತ್ತದೆ. ನೆಲದ ಮೇಲೆ ಸುಮ್ಮನೆ ಇಟ್ಟ ಬಾಟಲಿ ಇಳಿಜಾರಿನಲ್ಲಿ ಉರುಳಿ ಬ್ರೇಕಿನ ಪೆಡಲಿನ ಕೆಳಗೆ ಸೇರಿತೆಂದರೆ ಮುಂದಿನ ತಿರುವಿನಲ್ಲಿ ಕಾಲೊತ್ತಿದರೂ ಕಾರು ನಿಲ್ಲದು. ಚಾಲಕನ ಕಾಲ ಬಳಿ ಏನನ್ನೂ ಇಡಕೂಡದು. ಪಕ್ಕದವಳ ಕಾಲ ಬಳಿ ಇಟ್ಟುದನ್ನೂ ಪಟ್ಟಿಯಿಂದ ಕಟ್ಟಿರಬೇಕು. ಈ ಒಂದು ವಿಷಯದಲ್ಲಿ ಮಾತ್ರ ನಗೆಮಾತಿಗೆ ಎಡೆಯಿಲ್ಲ.

ಲಾಕ್ವಿಲಾ ಸುಮಾರು 700 ಮೀಟರು ಎತ್ತರದಲ್ಲಿರುವ ನಗರ. 2009ರ ಏಪ್ರಿಲಿನ ಭೂಕಂಪದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಅಲ್ಲಿ ಮಡಿದರು. ಕರಾವಳಿಯಲ್ಲಿ ಸೆಖೆಯೆಂದು ಬಿಚ್ಚಿಟ್ಟ ಉಣ್ಣೆಯಂಗಿಯನ್ನು ಇಲ್ಲಿ ಹುಡುಕಬೇಕಾಗುತ್ತದೆ. ಅದು ಡಿಕ್ಕಿಯ ತಳದಲ್ಲಿದ್ದರೆ, ರಸ್ತೆಯ ಬದಿಯಲ್ಲಿ ಸಂಸಾರವನ್ನೆಲ್ಲ ಹರಡಿ ಮತ್ತೆ ತುಂಬಬೇಕು; ತುಂಬಿದುದು ಎರಡನೆಯ ಸಲ ಹಿಡಿಸುವುದಿಲ್ಲವೆಂಬುದು ಎಲ್ಲ ಪೆಟ್ಟಿಗೆಗಳಿಗೂ ಸಾಮಾನ್ಯವಾದ ನಿಯಮ.

ರೋಮಿನಲ್ಲಿ ಮೊದಲಿಗನಾಗಿ ಬಂದವನು ಬ್ರೆಷಾದಲ್ಲಿ ಮೊದಲಿಗನಾಗಲಾರ ಎಂಬ ನಂಬಿಕೆ ಆ ಪಂದ್ಯದವರಲ್ಲಿ ಇದ್ದಿತು. 722 ರೋಮಿಗೆ ಮೊದಲಿಗನಾಗಿಯೇ ಬಂದಿತು. ಇಬ್ಬರೂ ಒಂದು ನಿಮಿಷ ನಿಂತು, ಟಯರು ಬದಲಾಯಿಸಿಕೊಂಡು, ಆ ನಂಬಿಕೆಗೆ ಬೆನ್ನು ತಿರುಗಿಸಿ ಉತ್ತರಕ್ಕೆ ಹೊರಟರು. ಇಂದಿನ ಯಾತ್ರಿಕನಿಗೆ ರೋಮಿನಲ್ಲಿ ಎದುರಾಗುವುದು ಬೇರೆ ತೊಂದರೆ. ರೋಮ್, ಸಿಯೆನಾ, ಫ್ಲಾರೆನ್ಸ್ ಮುಂತಾದ ನಗರಗಳ ಹಳೆಯ ಭಾಗಕ್ಕೆ ಹೊರಗಿನ ಕಾರುಗಳು ನುಗ್ಗುವಂತಿಲ್ಲ. ಮೇಲಿನಿಂದ ಕ್ಯಾಮರಾ ನೋಡಿಕೊಳ್ಳುತ್ತದೆ, ತಿಂಗಳುಗಳ ಮೇಲೆ ದಂಡದ ಕಾಗದ ಮನೆಗೆ ಬರುತ್ತದೆ. ಕಾರನ್ನು ಹೊರಗೆ ನಿಲ್ಲಿಸಿ ಸಾಮಾನನ್ನು ಕೈಯಲ್ಲಿ ಹೊತ್ತು ಕಲ್ಲುಹಾಸಿನ ಬೀದಿಯನ್ನು ಏರಬೇಕು. ಚಿಕ್ಕ ಡಿಕ್ಕಿಯನ್ನು ಬಯ್ಯುತ್ತ ಬಂದವರು ಆಗ ಅದಕ್ಕೆ ಮನಸ್ಸಿನಲ್ಲಿಯೇ ಕೈಮುಗಿಯುತ್ತಾರೆ. ನಿಲ್ಲಿಸಿ ಹೋಗುವಾಗ ಒಳಗೆ ಒಂದು ಕರವಸ್ತ್ರವೂ ಕಾಣದಂತಿರಬೇಕು. ಬಟ್ಟೆಯ ಛಾವಣಿಯನ್ನು ಕೊಯ್ಯಲು ಕಳ್ಳನಿಗೆ ಬೇಕಾದುದು ಒಂದು ಚಾಕು ಮಾತ್ರ.

ವಿಟೆರ್ಬೊ, ರಾಡಿಕೋಫಾನಿ, ಸಿಯೆನಾ. ತಸ್ಕನಿಯ ಗುಡ್ಡಗಳ ನೆತ್ತಿಯ ಮೇಲೆ ಸೈಪ್ರೆಸ್ ಮರಗಳ ಸಾಲು. ಅಂಗಡಿಗಳಲ್ಲಿ ಕಿಯಾಂಟಿ ದ್ರಾಕ್ಷಾರಸ, ಆಲಿವ್ ಎಣ್ಣೆ, ಬಣ್ಣದ ಮಣ್ಣಿನ ತಟ್ಟೆಗಳು. ಎರಡಾಸನದ ಕಾರಿನಲ್ಲಿ ಬಂದ ದಂಪತಿಗಳ ನಡುವೆ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲಿ. ತಟ್ಟೆಗಳನ್ನು ಅಂಚೆಯಲ್ಲಿ ಮನೆಗೆ ಕಳುಹಿಸುವುದೊಂದೇ ಮರ್ಯಾದೆಯ ದಾರಿ. ಫ್ಲಾರೆನ್ಸಿನಿಂದ ಮುಂದೆ ಅಪೆನ್ನೈನ್ ಪರ್ವತಗಳ ಎರಡು ಕಣಿವೆಮಾರ್ಗಗಳು, 903 ಮೀಟರಿನ ಫೂಟಾ, 968 ಮೀಟರಿನ ರಾಟಿಕೋಸಾ. ಪುಟ್ಟ ಕಾರು ಹುಟ್ಟಿದುದೇ ಇಂಥ ರಸ್ತೆಗೆ. ಆದರೆ ಡಿಕ್ಕಿಯ ಮುಚ್ಚಳದ ಮೇಲೆ ಜಾಲರಿ ಕಟ್ಟಿ ಅದರ ಮೇಲೆ ಭಾರವಾದ ಪೆಟ್ಟಿಗೆಯನ್ನು ಬಿಗಿದವರು ಇಲ್ಲಿ ಪಶ್ಚಾತ್ತಾಪಪಡುತ್ತಾರೆ. ಎತ್ತರದಲ್ಲಿ, ಹಿಂದಿನ ಚಕ್ರದಿಂದಲೂ ಹಿಂದೆ ಕುಳಿತ ಭಾರ ತಿರುವು ತಿರುವಿಗೂ ಕಾರಿನ ಬಾಲವನ್ನು ಹೊರಕ್ಕೆ ಎಳೆಯುತ್ತದೆ. ಭಾರವಾದುದು ಕೆಳಗೆ, ಸೀಟಿನ ಹತ್ತಿರ, ಹಗುರವಾದುದು ಮೇಲೆ.

ಬೊಲೊನ್ಯಾದಲ್ಲಿ ಬೆಟ್ಟ ಮುಗಿದು ರೋಮನ್ನರು ಕ್ರಿಸ್ತಪೂರ್ವ 187ರಲ್ಲಿ ಹಾಕಿದ ಎಮಿಲಿಯಾ ಹೆದ್ದಾರಿ ಸಿಗುತ್ತದೆ. ದಾರ ಹಿಡಿದು ಎಳೆದಂತೆ ನೇರ. ಅದರ ಮೇಲಿನ ಮೊಡೆನಾ ಸ್ಪೋರ್ಟ್ಸ್ ಕಾರುಗಳ ತವರೂರು. ಸಾಮಾನಿನ ಸಮಸ್ಯೆಗೆ ಇಲ್ಲಿ ಹಣವಂತರ ಉತ್ತರವೂ ದೊರೆಯುತ್ತದೆ: ಸ್ಕೆಡೋನಿ ಎಂಬ ಮೊಡೆನಾದ ಚರ್ಮದ ಕುಶಲಕರ್ಮಿಗಳು ಫೆರಾರಿ ಕಾರುಗಳ ಅಳತೆಗೆ ಸರಿಯಾಗಿ, ದರ್ಜಿ ಅಂಗಿ ಹೊಲಿದಂತೆ, ಚೀಲಗಳನ್ನು ಮಾಡಿಕೊಟ್ಟವರು. ಫಿಚ್ ಅಂದು ಓಡಿಸಿದ ರೆಕ್ಕೆಬಾಗಿಲಿನ 300 ಎಸ್‌ಎಲ್ ಕಾರಿನ ಡಿಕ್ಕಿಯನ್ನು ಬದಲಿ ಚಕ್ರವೇ ನುಂಗಿದ್ದುದರಿಂದ, ಅದಕ್ಕೂ ಸೀಟಿನ ಹಿಂದೆ ಕೂರುವಂಥ ಅಳತೆಯ ಪೆಟ್ಟಿಗೆಗಳು ಬಂದಿದ್ದವು. 1992ರ ಮೆಕ್‌ಲಾರೆನ್ ಎಫ್1 ಕಾರಿನಲ್ಲಿ ಚಾಲಕ ನಡುವೆ ಕುಳಿತರೆ, ಸಾಮಾನು ಹಿಂದಿನ ಚಕ್ರಗಳ ಮುಂದೆ, ಎರಡು ಪಕ್ಕೆಗಳೊಳಗೆ. ಎಲ್ಲಕ್ಕಿಂತ ಸ್ವಾರಸ್ಯವಾದುದು ಟೊಯೋಟಾದವರ ಉಪಾಯ. ಲೆ ಮಾನ್ ಪಂದ್ಯದ ನಿಯಮದಂತೆ ಕಾರಿನಲ್ಲಿ ಒಂದು ಸೂಟ್‌ಕೇಸಿಗೆ ಸ್ಥಳವಿರಬೇಕಾಗಿದ್ದಿತು. 1998ರಲ್ಲಿ ಜಿಟಿ-ಒನ್ ಕಾರನ್ನು ತಂದ ಟೊಯೋಟಾದವರು, ಖಾಲಿ ಪೆಟ್ರೋಲ್ ತೊಟ್ಟಿಯಲ್ಲಿ ಸೂಟ್‌ಕೇಸು ಹಿಡಿಸುತ್ತದೆಂದು ವಾದಿಸಿ ಅಧಿಕಾರಿಗಳನ್ನು ಒಪ್ಪಿಸಿದರು. ಅದರಲ್ಲಿ ಬಟ್ಟೆಯಿಟ್ಟು ಪ್ರಯಾಣ ಮಾಡುವ ಧೈರ್ಯ ಯಾರಿಗೂ ಬರಲಿಲ್ಲವೆಂಬುದು ಬೇರೆ ಮಾತು.

ಪಾರ್ಮಾ, ಪಿಯಾಚೆಂಜಾ, ಕ್ರೆಮೋನಾ, ಬಳಿಕ ಮಾಂಟುವಾ. 1953ರಲ್ಲಿ ತೀರಿಕೊಂಡ ಮಹಾಚಾಲಕ ನುವೊಲಾರಿಯ ಸೀಮೆಯಿದು. ಆತನ ಗೌರವಕ್ಕಾಗಿಯೇ ಮರುವರ್ಷದಿಂದ ಪಂದ್ಯದ ಹಾದಿಯನ್ನು ಇತ್ತ ಹೊರಳಿಸಿದರು. ಮಾಂಟುವಾದಿಂದ ಬ್ರೆಷಾದ ಕಡೆಗೆ ಸಾಗಿದರೆ ಗುಯಿಡಿಟ್ಸೊಲೊ ಎಂಬ ಸಣ್ಣ ಊರು. ಅಲ್ಲಿ 1957ರ ಮೇ 12ರಂದು ದೆ ಪೊರ್ತಾಗೊ ಎಂಬ ಸ್ಪೇನಿನ ಚಾಲಕನ ಫೆರಾರಿಯ ಟಯರು ಸಿಡಿದು ಕಾರು ಜನರ ಮೇಲೆ ಹಾರಿತು. ಆತ, ಆತನ ಪಕ್ಕದಲ್ಲಿದ್ದ ಎಡ್ಮಂಡ್ ನೆಲ್ಸನ್, ರಸ್ತೆಯ ಬದಿಯಲ್ಲಿ ನೋಡುತ್ತ ನಿಂತಿದ್ದ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಮಿಲ್ಲೆ ಮಿಲ್ಯಾ ಅಂದಿಗೆ ಮುಗಿಯಿತು. ರಸ್ತೆಯ ಬದಿಯಲ್ಲಿ ಅವರ ನೆನಪಿನ ಕಲ್ಲಿದೆ. ಹಳೆಯ ಕಾರುಗಳಲ್ಲಿ ಬರುವವರು ವೇಗ ತಗ್ಗಿಸಿ ಅದನ್ನು ದಾಟುತ್ತಾರೆ.

1955ರಲ್ಲಿ ಅದೇ ರಸ್ತೆಯ ಮೇಲೆ ಬಂದ 722, ಸಂಜೆ 5 ಗಂಟೆ 30 ನಿಮಿಷಕ್ಕೆ ಹನ್ನೆರಡು ಸೆಕೆಂಡು ಇರುವಾಗ ಬ್ರೆಷಾವನ್ನು ಮುಟ್ಟಿತು. ಹಿಡಿದ ಕಾಲ 10 ಗಂಟೆ 7 ನಿಮಿಷ 48 ಸೆಕೆಂಡು. ಊರು ಕೇರಿ ಬೆಟ್ಟಗಳನ್ನೆಲ್ಲ ಸೇರಿಸಿ ಸರಾಸರಿ ವೇಗ ಗಂಟೆಗೆ ಸುಮಾರು 98 ಮೈಲಿ, ಎಂದರೆ 157 ಕಿಲೋಮೀಟರು. ಮುಂದಿನ ಎರಡು ವರ್ಷಗಳಲ್ಲಿ ಯಾರೂ ಆ ಕಾಲವನ್ನು ಮೀರಲಿಲ್ಲ, ಅನಂತರ ಮೀರುವುದಕ್ಕೆ ಪಂದ್ಯವೇ ಉಳಿಯಲಿಲ್ಲ. ಎರಡನೆಯವನಾಗಿ ಬಂದವನು ವಿಶ್ವವಿಜೇತ ಫಾಂಜಿಯೊ, ಅದೇ ಮಾದರಿಯ ಕಾರಿನಲ್ಲಿ. ಆತ ಪಕ್ಕದ ಆಸನದಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ಒಬ್ಬನೇ ಬಂದಿದ್ದ. ಎಂಜಿನೂ ಕೈಕೊಟ್ಟಿದ್ದಿತು, ಆತನಿಗೆ ಹಿಡಿದ ಕಾಲ ಮಾಸ್‌ನದಕ್ಕಿಂತ ಅರ್ಧ ಗಂಟೆಗೂ ಹೆಚ್ಚಾಗಿದ್ದಿತು. ಮಾಸ್ ಮತ್ತು ಜೆಂಕಿನ್ಸನ್ ಕಾರಿನಿಂದ ಇಳಿದಾಗ ಇಬ್ಬರ ಮುಖವೂ ಎಣ್ಣೆ, ಧೂಳು, ಮಸಿಯಿಂದ ಕಪ್ಪಾಗಿದ್ದು, ಕಣ್ಣಿನ ಸುತ್ತ ಮಾತ್ರ ಬೆಳ್ಳಗಿನ ಬಳೆಗಳು ಉಳಿದಿದ್ದವು. ಹಗಲಿಡೀ ಒಂದು ಹನಿ ಮಳೆ ಬಿದ್ದಿರಲಿಲ್ಲ. ಅಷ್ಟು ಜೋಪಾನವಾಗಿ ಸಂದು ಮುಚ್ಚಿದ್ದ ಆ ಪುಟ್ಟ ಪೆಟ್ಟಿಗೆಯೊಳಗಿನ ಕಾಗದ ಒಣಗಿಯೇ ಇದ್ದಿತು.